ಸವಣೂರಿಗೆ ಸಾಕ್ಷಿ ಕೇಳಲು ಹೋದದ್ದು

ಹಿರೇಕೆರೂರಿನಿಂದ ಬೆಳಗಿನ ಬಸ್ಸಿಗೆ ಹೊರಟೆ. ಯುದ್ಧ ಮುಗಿದಿದ್ದರೂ ಪೆಟ್ರೋಲಿನ ಅಭಾವ ನೀಗಿರಲಿಲ್ಲ. ಬಸ್ಸು ಇನ್ನೂ ಇದ್ದಿಲಿನ ಮೇಲೆಯೇ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದೂ ಹೆಚ್ಚಾಯಿತು. ತಿಳವಳ್ಳಿಯ ಏರಿನಲ್ಲಿ ಎಲ್ಲರನ್ನೂ ಇಳಿಸಿ ತಳ್ಳಿಸಿದರು. ಕಂಡಕ್ಟರ್ ನನ್ನ ಊರುಗೋಲು ನೋಡಿ, "ನೀವು ಕುಂದರ್ರಿ, ಯಜಮಾನ್ರ" ಎಂದ. ನನಗಾಗ ಮೂವತ್ತೂ ತುಂಬಿರಲಿಲ್ಲ.

ಹೊರಟಿದ್ದ ಕೆಲಸ ಇಷ್ಟೇ. ಬರ್ಮಾದ ಕಾಡಿನಲ್ಲಿ, ಕಣ್ಣಿಗೆ ಪೆಟ್ಟಾಗಿ ಎಚ್ಚರ ತಪ್ಪಿ ಬಿದ್ದಿದ್ದ ಸವಣೂರಿನ ಉಸ್ಮಾನನನ್ನು ಹೆಗಲ ಮೇಲೆ ಹೊತ್ತು ತಂದವನು ನಾನು. ನನ್ನ ಮೊಣಕಾಲಿಗೆ ಗುಂಡು ಬಿದ್ದದ್ದು ಆಗಲೇ. ಪಿಂಚಣಿ ಬಂತು, ಪದಕ ಬರಲಿಲ್ಲ. ಸಾಕ್ಷಿ ತಾ ಎಂದರು ಕಚೇರಿಯಲ್ಲಿ. ಅದನ್ನು ಕಂಡಿದ್ದ ಹತ್ತಿಮತ್ತೂರಿನ ನಿಂಗಪ್ಪ ಅಲ್ಲೇ ಜ್ವರದಲ್ಲಿ ತೀರಿಕೊಂಡಿದ್ದ. ಉಳಿದವನು ಉಸ್ಮಾನ್ ಒಬ್ಬನೇ. ಎಚ್ಚರವಾದ ಮೇಲೆ ನಿಂಗಪ್ಪ ಅವನಿಗೆ ನಡೆದದ್ದನ್ನು ಹೇಳಿರುತ್ತಾನೆಂದು ನಂಬಿದ್ದೆ. ಪದಕದ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಕುಂಟ ಎಂದು ಕರೆಯುವ ಊರವರ ಬಾಯಿ ಮುಚ್ಚಿಸಬೇಕಿತ್ತು.

ಹಾನಗಲ್ಲಿನ ಖಾನಾವಳಿಯಲ್ಲಿ ನಾಲ್ಕಾಣೆಗೆ ಊಟ. ಬಿಸಿಲಿಗೆ ಕಾಲು ಬಾತಿತ್ತು. ಶಿಗ್ಗಾವಿಯ ಧರ್ಮಶಾಲೆಯಲ್ಲಿ ತಂಗಿ, ಮರುದಿನ ಚಕ್ಕಡಿಯಲ್ಲಿ ಸವಣೂರು ಮುಟ್ಟಿದೆ.

ಉಸ್ಮಾನನದು ವೀಳ್ಯದೆಲೆ ಅಂಗಡಿ. ಎರಡೂ ಕಣ್ಣು ಹೋಗಿದ್ದವು. ನನ್ನ ದನಿ ಕೇಳಿದ್ದೇ ಎದ್ದು ಬಂದು ತಬ್ಬಿಕೊಂಡ.

"ಜೀವ ಉಳೀತಲ್ಲೋ ಈರಣ್ಣಾ, ಅಷ್ಟ ಸಾಕು. ನಿಂಗಪ್ಪ ಹೊತ್ತು ತರದಿದ್ರ ನಾ ಅಲ್ಲೇ ಮಣ್ಣಾಗತಿದ್ದೆ."

ಅವನಿಗೆ ಎಚ್ಚರವಾದಾಗ ಪಕ್ಕದಲ್ಲಿ ಕೂತಿದ್ದವನು ನಿಂಗಪ್ಪ. ನಾನು ಬೇರೆ ಡೇರೆಯಲ್ಲಿ ಮೊಣಕಾಲು ಕೊಯ್ಯಿಸಿ ಗುಂಡು ತೆಗೆಸಿಕೊಳ್ಳುತ್ತಿದ್ದೆ. ಅವನೇ ಹೊತ್ತು ತಂದನೆಂದು ಉಸ್ಮಾನ್ ತಿಳಿದುಬಿಟ್ಟಿದ್ದ.

"ಅಂವನ ಅವ್ವನ್ನ ಮನಿಗೇ ಕರಕೊಂಡು ಬಂದೇನಿ. ಅವರ ಮಂದಿ ಕೈಬಿಟ್ರು. ಆಕಿ ಒಲಿ ಬ್ಯಾರೆ, ನಮ್ಮ ಒಲಿ ಬ್ಯಾರೆ. ಮನಿ ಒಂದ."

ಮನೆಗೆ ಕರೆದೊಯ್ದ. ಹಿತ್ತಲ ಕೋಣೆಯಲ್ಲಿ ಆ ಮುದುಕಿ ನನಗೆ ರೊಟ್ಟಿ ಬಡಿದು ಹಾಕಿದಳು. "ಉಣ್ರಿ, ಇದು ನಮ್ಮ ಒಲೀದು" ಎಂದಳು. ಉಸ್ಮಾನ್ ಅಂಗಡಿಗೆ ಹೋದ ಮೇಲೆ ಎದುರಿಗೆ ಕೂತು ಮೆಲ್ಲಗೆ ಕೇಳಿದಳು:

"ತಮ್ಮಾ, ಅಂವಗ ಕಣ್ಣಿಲ್ಲ. ಹಿಟ್ಟಿನ ಆಸೆಕ ನಾ ಕಟ್ಟಿದ ಕತಿ ಅಂತಾರ ನಮ್ಮೂರ ಮಂದಿ. ನೀ ಅಲ್ಲೇ ಇದ್ದಾಂವ. ನನ್ನ ಮಗ ಹೊತ್ತು ತಂದದ್ದು ಖರೇನ?"

ಸಾಕ್ಷಿ ಕೇಳಲು ಬಂದವನು ನಾನು. ತುತ್ತು ನುಂಗಿ ಹೇಳಿದೆ, "ಖರೇನ, ಅವ್ವಾ. ಕಣ್ಣಾರೆ ಕಂಡೇನಿ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಇನ್ನೊಂದು ರೊಟ್ಟಿ ಹಾಕಿದಳು.

ಸಂಜೆ ಚಕ್ಕಡಿ ಹತ್ತುವಾಗ ಉಸ್ಮಾನ್, "ಏನರ ಕೆಲಸಿತ್ತೇನೋ?" ಎಂದ.

"ಏನಿಲ್ಲ. ನಿನ್ನ ನೋಡಬೇಕನಿಸಿತ್ತು."

ಮೈಯೆಲ್ಲ ದಣಿದಿತ್ತು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಉಸ್ಮಾನ್ ಬೀಳ್ಕೊಡಲು ಬಾಗಿಲಿಗೆ ಬಂದು ಎತ್ತಲೋ ಮುಖ ಮಾಡಿ ನಿಂತಿದ್ದ. ಮುದುಕಿ ಅವನ ತೋಳು ಹಿಡಿದು ನಾನಿದ್ದ ಕಡೆಗೆ ತಿರುಗಿಸಿದಳು. ಅವನು ಕೈಯೆತ್ತಿದ.