ಕುದಿಯಲೊಲ್ಲದ ಅಂಟು

ಜಗತ್ತಿನ ದೊರೆಗಳು ಪ್ರಜೆಗಳ ಮಾತಿಗೆ ಕಿವಿಗೊಟ್ಟರೋ ಇಲ್ಲವೋ, ನಮ್ಮ ಅಂಟುರಾಯ ಮಾತ್ರ ಅಂಟಿನ ಪಾತ್ರೆಗೆ ದಿನವೂ ಕಿವಿಗೊಡುತ್ತಿದ್ದ. ಪುಸ್ತಕ ಹೊಲಿದು ರಟ್ಟು ಹಾಕುವ ಅಂಗಡಿಯ ಹಿಂದಿನ ಕೋಣೆಯಲ್ಲಿ, ನೀರಿಗೆ ಅಂಟಿನ ಪುಡಿ ಕದಡಿ ಒಲೆಗೇರಿಸಿ, ಬಲಗಿವಿಯನ್ನು ಹಬೆಗೆ ಒಡ್ಡಿ ನಿಂತನೆಂದರೆ ಮುಗಿಯಿತು. ಗುಳ್ಳೆಗಳು ಅವನಿಗೆ ಮೂರು ಲೋಕದ ಸುದ್ದಿ ಹೇಳುತ್ತವೆ ಎಂದು ರಟ್ಟು ಕತ್ತರಿಸುವವರು ಊರೆಲ್ಲ ಹಬ್ಬಿಸಿದ್ದರು.

ಅಂಗಡಿ ಅವನ ಅಕ್ಕನದು. ಆಕೆ ಗೀರುಬಿದ್ದ ಹಳೆಯ ಪಾತ್ರೆಯನ್ನು ಗುಜರಿಗೆ ಹಾಕಿ, ಮುಖ ಕಾಣುವಂಥ ಹೊಸ ಸ್ಟೀಲ್ ಪಾತ್ರೆ ತಂದಳು. ಮೊದಲ ದಿನವೇ ಅದು ಮುಷ್ಕರ ಹೂಡಿತು. ಉಷ್ಣಮಾಪಕದ ಪಾದರಸ ಕುದಿಯುವ ಗೆರೆಯನ್ನೂ ದಾಟಿತು. ಒಂದೇ ಒಂದು ಗುಳ್ಳೆಯಿಲ್ಲ.

"ಬಿಸಿನೇ ಆಗಿಲ್ಲ. ಉರಿ ಜಾಸ್ತಿ ಮಾಡೋ," ಎಂದಳು ಅಕ್ಕ.

"ಮಾಪಕ ನೋಡಕ್ಕಾ."

"ಅದಕ್ಕೂ ನಿನ್ನ ಹಾಗೇ ತಲೆ ಕೆಟ್ಟಿದೆ."

"ಹಳೇ ಪಾತ್ರೇಲಿ ಗೀರಿನ ಹತ್ರಾನೇ ಮೊದಲು ಗುಳ್ಳೆ ಏಳ್ತಿತ್ತು. ಇದರಲ್ಲಿ ಗೀರೇ ಇಲ್ಲ. ಪಾಪ, ಎಲ್ಲಿಂದ ಏಳ್ಬೇಕು ಅಂತ ಗೊತ್ತಾಗ್ತಿಲ್ಲವೇನೋ!"

"ಗುಳ್ಳೆಗಳಿಗೆ ಬಾಗಿಲು ಬೇರೆ ಕೊರೆಸಿಕೊಡ್ಲಾ?"

ಸಿಟ್ಟಿಗೆದ್ದ ಅಕ್ಕ ಅವನ ಕೈಯಲ್ಲಿದ್ದ ಮರದ ಸೌಟು ಕಿತ್ತುಕೊಂಡು ಅಂಟನ್ನು ಒಮ್ಮೆ ತಿರುವಿದಳು. ಅಷ್ಟೇ ಸಾಕಾಯಿತು. ಅದುಮಿಟ್ಟುಕೊಂಡಿದ್ದ ಕುದಿಯೆಲ್ಲ ಒಮ್ಮೆಲೇ ಎದ್ದಿತು. ಮಂದವಾದ ಅಂಟಿನಲ್ಲಿ ಗುಳ್ಳೆಗಳು ಒಡೆಯಲಾರದೆ ಉಬ್ಬಿ, ಒಂದರ ಹೆಗಲ ಮೇಲೊಂದು ಹತ್ತಿ, ಅಂಚು ದಾಟಿ, ಒಲೆಯನ್ನು ನಂದಿಸಿ, ನೆಲದ ಮೇಲೆ ದಂಡೆತ್ತಿ ಬಂದವು. ಅಕ್ಕ ತಮ್ಮ ಇಬ್ಬರೂ ಮೇಜು ಹತ್ತಿ ಜೀವ ಉಳಿಸಿಕೊಂಡರು. ಅಕ್ಕನ ಚಪ್ಪಲಿ ಮಾತ್ರ ನೆಲಕ್ಕಂಟಿ ಹುತಾತ್ಮವಾಯಿತು.

"ಇನ್ನೊಂದ್ಸಲ ಹೀಗಾದ್ರೆ ಡಬ್ಬಿ ಅಂಟೇ ತರಿಸ್ತೀನಿ. ನೀನು ರಟ್ಟು ಕತ್ತರಿಸ್ಕೊಂಡಿರು."

ಅಂಟುರಾಯನ ಮುಖ ಬಾಡಿತು. ಕಿವಿಗೊಟ್ಟು ಕೇಳುವಂಥದ್ದು ರಟ್ಟಿನಲ್ಲಿ ಏನಿದೆ?

ಮರುದಿನ ಅಕ್ಕ ಬಾಗಿಲಿನಾಚೆಯಿಂದಲೇ ಇಣುಕಿದಳು. ಪಾತ್ರೆ ಹದವಾಗಿ ಕುದಿಯುತ್ತಿತ್ತು! ಅಂಟಿನಲ್ಲಿ ಮುಳುಗಿದ್ದ ಸೌಟಿನ ಸುತ್ತ, ಮರದ ಸಣ್ಣ ತೂತುಗಳಲ್ಲಿ ಅಡಗಿದ್ದ ಗಾಳಿಯನ್ನು ಆಸರೆ ಮಾಡಿಕೊಂಡು, ಗುಳ್ಳೆಗಳು ಸರದಿಯಲ್ಲಿ ಎದ್ದು ಮರ್ಯಾದೆಯಾಗಿ ಒಡೆಯುತ್ತಿದ್ದವು.

"ಭೇಷ್! ಮೊದಲಿಂದಾನೇ ಸೌಟು ಬಿಟ್ಟಿದ್ದೀಯ. ಅಂತೂ ಗುಳ್ಳೆಗೆ ಬಾಗಿಲು ಹುಡುಕಿಕೊಟ್ಟೆ! ಹೇಗೋ ಹೊಳೀತು ನಿನಗೆ?"

ರಟ್ಟಿನವರೂ ಕತ್ತರಿ ಕೆಳಗಿಟ್ಟು ಓಡಿಬಂದು ಕಿವಿ ನಿಮಿರಿಸಿದರು.

"ಹೊಳೆಯೋದೇನು ಬಂತಕ್ಕಾ," ಎಂದ ಅಂಟುರಾಯ. "ಪುಡಿ ಕದಡಿದ ಮೇಲೆ ತೆಗೆಯೋಕೆ ಮರೆತೆ."