ಊಟಿಯ ಚಳಿಯಲ್ಲಿ ಕಚ್ಚಿದ ಬ್ರೇಕು

ಕೊರೋನಾ ಕಳೆದ ಮರುವರ್ಷದ ಜನವರಿ. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ, ಪಂಪ್ ವರ್ಕ್‌ಶಾಪುಗಳ ಸಾಲಿನಲ್ಲಿ ನನ್ನ ಸೈಕಲ್ ಸರ್ವಿಸ್ ಅಂಗಡಿ. ಆ ಬೆಳಿಗ್ಗೆ ಅಲ್ಲಿದ್ದವರು ನಾನು ಮತ್ತು ನನ್ನ ಮೆಕ್ಯಾನಿಕ್ ಕದಿರ್ವೇಲು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹೆಣಿಗೆ ಯಂತ್ರಗಳನ್ನು ನೋಡಿಕೊಳ್ಳುವ ರಂಗಸ್ವಾಮಿ ಟೆಂಪೋದಿಂದ ಇಳಿದವನೇ ತನ್ನ ತಮ್ಮ ಮೋಹನನ ಮೌಂಟನ್ ಬೈಕನ್ನು ನಮ್ಮ ಕಾಲ ಬುಡಕ್ಕೆ ಎಸೆದ. ಮುಂಚಕ್ರ ಸೊಟ್ಟಗಾಗಿತ್ತು. ಹ್ಯಾಂಡಲಿನ ಮೇಲೆ ರಕ್ತ ಒಣಗಿತ್ತು.

"ಇದರ ಬ್ರೇಕ್ ಮಾಡಿದ್ದು ಯಾರು?"

"ನಾನ್ದಾನ್ ಅಣ್ಣಾ, ನಾನೇ" ಎಂದ ಕದಿರ್ವೇಲು.

ರಂಗಸ್ವಾಮಿ ಟೆಂಪೋದಿಂದ ಎಳೆದ ಕಬ್ಬಿಣದ ಪೈಪು ಕದಿರ್ವೇಲುವಿನ ಬಲಗೈ ಮಣಿಕಟ್ಟಿಗೆ ಬಿತ್ತು. ಎಲುಬು ಮುರಿದ ಸದ್ದು ನನಗೂ ಕೇಳಿಸಿತು. ಅಡ್ಡ ಹೋದ ನನ್ನ ಭುಜಕ್ಕೂ ಒಂದು ಏಟು. ಪಕ್ಕದ ವರ್ಕ್‌ಶಾಪಿನವರು ಓಡಿಬಂದು ಕದಿರ್ವೇಲುವನ್ನು ಆಟೋಗೆ ಹತ್ತಿಸಿದರು, ರಂಗಸ್ವಾಮಿಯನ್ನು ಗೋಡೆಗೊತ್ತಿ ಹಿಡಿದರು.

"ತಮ್ಮನ ದವಡೆ ಎರಡು ತುಂಡಣ್ಣಾ! ಊಟಿ ಇಳಿಜಾರಲ್ಲಿ ಮುಂದಿನ ಬ್ರೇಕ್ ಕಚ್ಕೊಂಡು ಬಿಡ್ಲೇ ಇಲ್ಲ, ಹಾರಿ ಬಂಡೆಗೆ ಬಿದ್ದ. ಆಸ್ಪತ್ರೆಗೇ ಹೋಗ್ತೀನಿ, ಅವನ ಇನ್ನೊಂದು ಕೈನೂ ಮುರೀತೀನಿ!"

"ಮುರಿಯುವಿಯಂತೆ. ಮೊದಲು ಬ್ರೇಕ್ ನೋಡೋಣ. ತಪ್ಪು ನಮ್ಮದಾದರೆ ನನ್ನ ಕೈನೂ ತಗೋ" ಎಂದೆ.

ಹೈಡ್ರಾಲಿಕ್ ಬ್ರೇಕಿನಲ್ಲಿ ತಂತಿ ಇರುವುದಿಲ್ಲ. ಲಿವರ್ ಒತ್ತಿದರೆ ಕೊಳವೆಯೊಳಗಿನ ಎಣ್ಣೆ ಪ್ಯಾಡುಗಳನ್ನು ಡಿಸ್ಕಿಗೆ ಅದುಮುತ್ತದೆ. ಬಿಟ್ಟೊಡನೆ ಎಣ್ಣೆ ಹಿಂದಕ್ಕೆ ಹರಿದು ಹಿಡಿತ ಸಡಿಲಬೇಕು. ಅದಕ್ಕೇ ಚಳಿಯಲ್ಲೂ ಸಲೀಸಾಗಿ ಹರಿಯುವ ತೆಳು ಮಿನರಲ್ ಆಯಿಲ್ ಬೇಕು. ಎದುರಿನ ಮೀನಂಗಡಿಯಿಂದ ಐಸ್ ತರಿಸಿ, ಎರಡೂ ಲಿವರುಗಳನ್ನು ಕೊಳವೆ ಸಮೇತ ಅದರಲ್ಲಿ ಹೂತಿಟ್ಟೆ. ಅವು ಚೆನ್ನಾಗಿ ತಣ್ಣಗಾದ ಮೇಲೆ ಹಿಂದಿನ ಬ್ರೇಕ್ ಒತ್ತಿ ಬಿಟ್ಟೆ. ಟಪ್ಪನೆ ಮರಳಿತು. ಮುಂದಿನದು ಒತ್ತಿದಲ್ಲೇ ನಿಂತಿತು. ಆಮೇಲೆ ಬಸವನಹುಳುವಿನಂತೆ ತೆವಳಿತು.

ನಾನು ಮುಂದಿನ ಲಿವರಿನ ಸ್ಕ್ರೂ ಬಿಚ್ಚಿದೆ. ನಾವು ಹಾಕುವ ಎಣ್ಣೆ ಕೆಂಪು. ಇದು ನೀರಿನ ಬಣ್ಣದ್ದು. ಬೆರಳಿಗೆ ಹಚ್ಚಿ ರಂಗಸ್ವಾಮಿಯ ಮೂಗಿಗೆ ಹಿಡಿದೆ. ಅವನ ಮೈಯ ಬಿಗಿ ಇಳಿಯಿತು. ಹಿಡಿದವರು ಕೈಬಿಟ್ಟರು.

ಅದು ಹೆಣಿಗೆ ಯಂತ್ರದ ಎಣ್ಣೆ. ಅವರ ಮನೆಯಲ್ಲಿ ಫ್ಯಾನಿಗೂ ಬಾಗಿಲ ಕೀಲಿಗೂ ಗ್ರೈಂಡರಿಗೂ ಅದೇ.

"ಮುಂದಿನ ಬ್ರೇಕ್ ಮೆತ್ತಗಿದೆ ಅಂದಣ್ಣಾ ತಮ್ಮ. ಹಳೇದು ತೆಗೆದು ನಾನೇ ಸಿರಿಂಜಲ್ಲಿ ತುಂಬಿಸ್ದೆ. ಡಬ್ಬಿ ಮೇಲೆ ಮಿನರಲ್ ಆಯಿಲ್ ಅಂತಲೇ ಇತ್ತು. ತಿರುಪ್ಪೂರಲ್ಲಿ ಓಡಿಸಿ ನೋಡ್ದೆ, ಜೋರಾಗಿ ಹಿಡೀತಿತ್ತು."

ತಿರುಪ್ಪೂರಿನ ಬಿಸಿಲಿಗೆ ಅದು ಸರಿಯೇ. ಊಟಿಯ ಚಳಿಯಲ್ಲಿ ಜೇನಿನಂತೆ ಮಂದವಾಗಿತ್ತು. ರಂಗಸ್ವಾಮಿ ಷಟರಿಗೆ ಹಣೆ ಚಚ್ಚಿಕೊಳ್ಳತೊಡಗಿದ. ರಕ್ತ ಮೂಗಿನ ಮೇಲಿಳಿದರೂ ನಿಲ್ಲಲಿಲ್ಲ. ಹೊಡೆಯುವಾಗ ಹಿಡಿದವರೇ ಈಗಲೂ ಹಿಡಿಯಬೇಕಾಯಿತು.

ಮುರಿದ ಗಾಡಿ ಬಂದಾಗ ಯಾರು ಮುಟ್ಟಿದರು ಎಂದು ಕೇಳುವ ಮೊದಲು ಒಳಗೆ ಏನಿದೆ ಎಂದು ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು.

ಕದಿರ್ವೇಲುವಿನ ಮಣಿಕಟ್ಟು ಕೂಡಿತು, ಬೆರಳುಗಳಿಗೆ ಮೊದಲಿನ ಬಲ ಬರಲಿಲ್ಲ. ಮುಂದಿನ ಚಳಿಗಾಲಕ್ಕೆ ಮೋಹನ ಅದೇ ಬೈಕನ್ನು ಬ್ರೇಕ್ ಸರ್ವಿಸಿಗೆ ತಂದ. ರಂಗಸ್ವಾಮಿ ಒಳಗೆ ಬರಲಿಲ್ಲ, ಟೆಂಪೋ ಪಕ್ಕದಲ್ಲೇ ನಿಂತ. ಕದಿರ್ವೇಲು ಅವನತ್ತ ಒಮ್ಮೆ ನೋಡಿ, ಕೆಂಪೆಣ್ಣೆಯ ಸಿರಿಂಜನ್ನು ಎಡಗೈಗೆ ತೆಗೆದುಕೊಂಡ.