ಗುಡ್ಡದ ಮೇಲಿನ ಮಗಳಿಗೆ ಸೀರೆ

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಮೇಲೇರುವ ದಾರಿಯಲ್ಲಿ ಮೊನ್ನೆ ಯಾರೋ ಕ್ಲಚ್ ಸುಟ್ಟಿದ್ದರು. ಹೊಸದಾಗಿ ಕಾರು ಕಲಿಯುತ್ತಿರುವವರಿರಬೇಕು. ಲಿಫ್ಟಿಗೆ ಕಾಯುತ್ತಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಆ ಕಮಟು ವಾಸನೆಯನ್ನು ಎದೆ ತುಂಬ ಎಳೆದುಕೊಂಡು ನಿಂತೆ. ಒಬ್ಬೊಬ್ಬರಿಗೆ ಒಂದೊಂದು ವಾಸನೆ ಇಷ್ಟ, ನನಗೆ ಇದು. ಇದು ಮೂಗಿಗೆ ತಾಕಿದರೆ ಸಾಕು, ರೊಟ್ಟಿ ಕಾಕು ಬರಿಗಾಲಲ್ಲಿ ಸ್ಟಿಯರಿಂಗ್ ಹಿಡಿದು ಕೂತಿರುವುದು ಕಣ್ಣಿಗೆ ಕಟ್ಟುತ್ತದೆ...

ಉಪ್ಪಲ್‌ನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ, ನಮ್ಮಂಥ ಐಟಿಯವರ ಸಂಬಳ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬುತ್ತಿದ್ದ ಕಾಲ. ಮೈಸೂರಿನಿಂದ ಈ ತೆಲುಗು ಮಹಾನಗರಕ್ಕೆ ಬಂದ ನಾನು ನಾಚಾರಂನಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆ. ಕೆಳಗಿನ ಮನೆಯಲ್ಲಿದ್ದವರು ಕಾಕು, ನಮ್ಮ ಮಾತಿನಲ್ಲಿ ಚಿಕ್ಕಮ್ಮ, ಕಲಬುರಗಿ ಕಡೆಯವರು. ಜೋಳದ ರೊಟ್ಟಿ ಬಡಿದು, ಸುತ್ತಲಿನ ಕಾರ್ಖಾನೆ ಮತ್ತು ಕಟ್ಟಡ ಕೆಲಸಕ್ಕೆ ಬಂದಿದ್ದ ತಮ್ಮ ಸೀಮೆಯ ಜನಕ್ಕೆಲ್ಲ ಕೊಡುತ್ತಿದ್ದರು. ನನ್ನನ್ನು 'ತಂಗಿ' ಎನ್ನುತ್ತಿದ್ದರು. ಬೀದಿಯಲ್ಲಿ ತೆಲುಗು, ತರಕಾರಿಯವನ ಹತ್ತಿರ ಹಿಂದಿ, ಜಗಳಕ್ಕೆ ಮಾತ್ರ ಅಪ್ಪಟ ಕನ್ನಡ.

ನಾನಾಗ ಒಂದು ಟರ್ಬೊ ಡೀಸೆಲ್ ಕಾರು ಕೊಂಡಿದ್ದೆ. ಹುಡುಗಿ ಕಾರು ಕೊಂಡದ್ದೇ ಆ ಓಣಿಗೆ ದೊಡ್ಡ ಸುದ್ದಿ. ಅದರ ಮೇಲೆ ನನ್ನ ಜಂಬ ಬೇರೆ. ರಜೆ ಸಿಕ್ಕರೆ ಘಟ್ಟ ಹುಡುಕಿಕೊಂಡು ಓಡುತ್ತಿದ್ದೆ. ಆ ಕಾರು ಮೊದಲು ಮಂಕಾಗಿ ಮುಲುಗುತ್ತಿತ್ತು. ಎಂಜಿನ್ ಒಂದು ವೇಗ ಮುಟ್ಟಿದೊಡನೆ ಟರ್ಬೊ ಎದ್ದು, ಬೆನ್ನಿಗೆ ಕೈ ಇಟ್ಟು ನೂಕಿದಂತೆ ಮೇಲಕ್ಕೆ ಒಯ್ಯುತ್ತಿತ್ತು. ಒಂದು ದಿನ ಕಾಕುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಬ್ಸಿಗುಡ ಕಡೆ ಹೊರಟಿದ್ದೆ. ಟರ್ಬೊ ಎದ್ದ ಕೂಡಲೇ ಅವರು ಸೀಟಿಗೆ ಅಂಟಿಕೊಂಡು, "ಅಯ್ಯ ತಂಗಿ! ಇದಕ್ಕೂ ದೇವರು ಮೈಮ್ಯಾಲ ಬರತಾನಲ್ಲೇ!" ಎಂದರು. ಟರ್ಬೊ ಬಗ್ಗೆ ಅದಕ್ಕಿಂತ ಚೆನ್ನಾದ ವಿವರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕಾಕುಗೆ ಇಬ್ಬರು ಗಂಡುಮಕ್ಕಳು. ಹೆಣ್ಣು ಹುಟ್ಟಲಿಲ್ಲ. ಕೇಳಿದರೆ, "ಇದ್ದಾಕಿ ಒಬ್ಬಾಕಿ. ಅಕಿನೂ ಗುಡ್ಡದ ಮ್ಯಾಲ ಕೊಟ್ಟೀವಿ" ಎಂದು ನಗುತ್ತಿದ್ದರು. ಅವರ ಕಡೆ ಶ್ರೀಶೈಲದ ಭ್ರಮರಾಂಬೆ ಮನೆ ಮಗಳು, ಮಲ್ಲಯ್ಯ ಅಳಿಯ. ಯುಗಾದಿಗೆ ಮುಂಚೆ ತವರಿನಿಂದ ಸೀರೆ, ಬಳೆ, ಅರಿಷಿಣ ಕುಂಕುಮ ಹೊತ್ತು ಬರಿಗಾಲಲ್ಲಿ ನಡೆದು ಗುಡ್ಡ ಹತ್ತುತ್ತಾರೆ. ಮದುವೆಯಾದಾಗಿನಿಂದ ಕಾಕು ತಪ್ಪದೆ ನಡೆದವರು. ಆದರೆ ಮೊಣಕಾಲು ಕೈಕೊಟ್ಟು ಹಿಂದಿನ ವರ್ಷ ಹೋಗಲಾಗಿರಲಿಲ್ಲ. ಆ ಕೊರಗು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

"ಹಬ್ಬಕ್ಕ ತವರಿಂದ ಯಾರೂ ಬರಲಿಲ್ಲಂತ ಬಾಗಲಾ ನೋಡ್ಕೋತ ಕುಂತಿರ್ತಾಳ ತಂಗಿ," ಎಂದರು ಒಮ್ಮೆ, ಹಿಟ್ಟು ನಾದುತ್ತ. ಈ ಸಲವೂ ತಪ್ಪಿದರೆ ಮಗಳು ಏನೆಂದುಕೊಳ್ಳಬೇಕು? ಊರಿನಿಂದ ನಡೆದು ಹೋಗುವವರ ಕೈಯಲ್ಲಿ ಸೀರೆ ಕಳಿಸಿಬಿಡು ಎಂದು ಹಿರಿಮಗ ಫೋನಿನಲ್ಲಿ ಹೇಳಿದ್ದನಂತೆ. ಕಾಕು ಕೆರಳಿದ್ದರು. "ಮಗಳಿಗಿ ಸೀರಿ ಕೊರಿಯರ್ ಮಾಡ್ತಾರೇನು? ಹೋಗಬೇಕು. ಮುಖಾ ನೋಡಬೇಕು."

ನನ್ನ ಕಾರಿದೆಯಲ್ಲ, ಕರೆದುಕೊಂಡು ಹೋಗುತ್ತೇನೆ ಎಂದೆ. ಗೊಂಬೆಯಂತೆ ಕೂತು ಹೋಗುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಮೈ ದಣಿಯದೆ ಆ ಗುಡ್ಡ ಹತ್ತುವುದು ಯಾವ ಸೀಮೆಯ ನ್ಯಾಯ? ಎರಡು ದಿನ ಯೋಚಿಸಿ, ಮಹಡಿಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಂದು ತೀರ್ಪು ಕೊಟ್ಟರು. "ನಡೀಲಿಕ್ಕಂತೂ ಆಗೂದಿಲ್ಲ. ನಾನಽ ಹೊಡಕೊಂಡು ಹೋಗ್ತೀನಿ."

ನಾನು ನಕ್ಕೆ. ಅವರು ನಗಲಿಲ್ಲ. ದಿಲ್‌ಸುಖ್‌ನಗರದ ಡ್ರೈವಿಂಗ್ ಸ್ಕೂಲಿಗೆ ಸೇರಿಯೇಬಿಟ್ಟರು. ದೀಪಾವಳಿ ಕಳೆದ ಮೇಲೆ ಲೈಸೆನ್ಸೂ ಬಂತು. ಭಾನುವಾರದ ಬೆಳಗುಗಳಲ್ಲಿ ಉಪ್ಪಲ್‌ನ ಖಾಲಿ ರಸ್ತೆಗಳಲ್ಲಿ ನನ್ನ ಪಾಠ. ಮಡಚಿದ ಕೌದಿಯ ಮೇಲೆ ಕೂತು, ರೊಟ್ಟಿ ಬಡಿದು ಗಟ್ಟಿಯಾದ ಕೈಯಿಂದ ಗೇರನ್ನು ಕೀಳುವಂತೆ ಎಳೆಯುತ್ತಿದ್ದರು. ಕಡಿದಾದ ತಿರುವಿಗೆ ಮೊದಲೇ ಒಂದನೇ ಗೇರಿಗೆ ಇಳಿಸಬೇಕು, ಇಲ್ಲದಿದ್ದರೆ ಟರ್ಬೊ ಮಲಗಿಬಿಡುತ್ತದೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. "ಗೊತ್ತೈತಿ ಬಿಡು. ದೇವರು ಬರೂತನಾ ಕಾಯಬೇಕು," ಎನ್ನುತ್ತಿದ್ದರು.

ಯುಗಾದಿಗೆ ವಾರವಿರುವಾಗ ಹೊರಟೆವು. ಹಿಂದಿನ ಸೀಟಿನಲ್ಲಿ ಹಸಿರು ಇಳಕಲ್ ಸೀರೆ. ಚಪ್ಪಲಿ ನಾಚಾರಂನಲ್ಲೇ ಬಿಟ್ಟಿದ್ದರು. ಊರ ಗದ್ದಲ ದಾಟಿಸುವವರೆಗೆ ಸ್ಟಿಯರಿಂಗ್ ನನ್ನದು. ಮನ್ನನೂರಿನಲ್ಲಿ ಕಾಡು ಶುರುವಾಗುತ್ತಲೇ ಅವರದು. ನಲ್ಲಮಲದ ಒಣ ಎಲೆಗಳ ನಡುವೆ ರಸ್ತೆ ಸುತ್ತಿ ಸುತ್ತಿ ಕೃಷ್ಣೆಯವರೆಗೆ ಇಳಿಯಿತು. ಸೇತುವೆ ದಾಟಿದ ಮೇಲೆ ನಿಜವಾದ ಏರು. ಒಂದು ತಿರುವು, ಇನ್ನೊಂದು ತಿರುವು... ಕಾಕು ಒಂದನೇ ಗೇರಿಗೆ ಇಳಿಸುತ್ತಿದ್ದರು, ತುಟಿ ಕಚ್ಚಿ ಕಾಯುತ್ತಿದ್ದರು, ಟರ್ಬೊ ಎದ್ದೊಡನೆ "ಬಂದಾ!" ಎನ್ನುತ್ತಿದ್ದರು. ಕಾರಿಗಿಂತ ನನ್ನ ಎದೆಯೇ ಹೆಚ್ಚು ಉಬ್ಬಿತ್ತು.

ಆಮೇಲಿನ ತಿರುವಿನಲ್ಲಿ ಕಾಕು ಸೀಮೆಯ ಪಾದಯಾತ್ರೆಯವರು ಕಂಡರು. ಮುಂದಿನವನ ಹೆಗಲ ಮೇಲೆ ಹೂ ಕಟ್ಟಿದ ಮಲ್ಲಯ್ಯನ ಕಂಬಿ, ದೇವರೆಂದೇ ಹೊತ್ತು ತರುವ ಬಿದಿರ ಕಾವಡಿ. ಕಂಬಿ ಕಂಡರೆ ಕಾಕು ಏನು ಮಾಡಬೇಕೋ ಅದನ್ನೇ ಮಾಡಿದರು: ಸ್ಟಿಯರಿಂಗ್ ಬಿಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿದರು!

ಆಕ್ಸಿಲರೇಟರ್ ಮೇಲಿನ ಕಾಲೂ ಎದ್ದುಹೋಗಿ ಕಾರು ಗಕ್ಕೆಂದು ನಿಂತು ಹಿಂದಕ್ಕೆ ಜಾರತೊಡಗಿತು. ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದಿದ್ದ ಬಸ್ಸಿನವನು ಹಾರ್ನ್ ಒತ್ತಿಯೇ ಒತ್ತಿದ. ಕಾಕು ಗಾಬರಿಯಲ್ಲಿ ಮತ್ತೆ ಮತ್ತೆ ಶುರು ಮಾಡಿ, ಅರ್ಧ ಕ್ಲಚ್ಚಿನಲ್ಲಿ ಒದ್ದಾಡಿ, ಕಾರಿನ ತುಂಬ ಆ ಸುಟ್ಟ ವಾಸನೆ.

"ಇಳೀರಿ ಕಾಕೂ, ಇಲ್ಲೊಂದು ತಿರುವು ನಾನು ದಾಟಿಸ್ತೀನಿ," ಎಂದೆ.

ಅವರು ನನ್ನತ್ತ ತಿರುಗಿದರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿರಲಿಲ್ಲ. "ಇಲ್ಲೀತನಾ ಬಂದು, ಮಗಳ ಹೊಸ್ತಿಲದಾಗ ನಿನ್ನ ಹೆಗಲ ಮ್ಯಾಲ ಕುಂದರಲೇನು? ಸುಮ್ಕಿರು."

ನಡೆಯುತ್ತಿದ್ದವರಲ್ಲಿ ಒಬ್ಬ ಮುದುಕ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಕಿಟಕಿಯಲ್ಲಿ ಇಣುಕಿ, ಸೀರೆಯನ್ನೂ ಬರಿಗಾಲನ್ನೂ ನೋಡಿ, "ನಡಿಯವ್ವಾ, ಅವಸರ ಇಲ್ಲ," ಎಂದ. ಕಾಕು ಉಸಿರು ಎಳೆದುಕೊಂಡರು. ಒಂದನೇ ಗೇರು. ಬರಿಪಾದ ಆಕ್ಸಿಲರೇಟರ್ ಮೇಲೆ ಮೆಲ್ಲಗೆ ಊರಿತು. ಎಂಜಿನ್ ಮುಲುಗಿತು, ನಡುಗಿತು, ಸಣ್ಣಗೆ ಸಿಳ್ಳೆ ಹಾಕಿತು... ನಾನು ಹ್ಯಾಂಡ್‌ಬ್ರೇಕ್ ಬಿಟ್ಟೆ. ಬಂದಾ! ಕಾರು ತಿರುವನ್ನು ನುಂಗಿಕೊಂಡು ಮೇಲಕ್ಕೆ ಹೋಯಿತು. ಹಿಂದಿನಿಂದ ಜನ ಮಲ್ಲಯ್ಯನನ್ನು ಕೂಗಿದರು. ದೇವರೆಂದರೆ ಅಷ್ಟಕ್ಕಷ್ಟೇ ಇದ್ದ ನಾನೂ ಗಂಟಲು ಹರಿಯುವಂತೆ ಕೂಗಿದೆ.

ಮೇಲೆ ತಲುಪಿದ ಮೇಲೂ ಕಾಕು ಎಂಜಿನ್ ಆರಿಸಲಿಲ್ಲ. ಹತ್ತಿ ಬಂದ ಟರ್ಬೊ ತಣಿಯಲು ಒಂದಿಷ್ಟು ಹೊತ್ತು ಬಿಡಬೇಕೆಂದು ನಾನೇ ಹೇಳಿಕೊಟ್ಟಿದ್ದೆ. ಗುಡಿಯೊಳಗೆ ಸೀರೆ ಕೊಡುವಾಗ ಅವರು ಏನೂ ಬೇಡಲಿಲ್ಲ. "ತಡಾ ಆತು, ಸಿಟ್ಟಾಗಬ್ಯಾಡ," ಎಂದಷ್ಟೇ ಹೇಳಿದರು. ಬರುವಾಗ ದಾರಿಯುದ್ದಕ್ಕೂ ನಿದ್ದೆ. ಅಷ್ಟು ನೆಮ್ಮದಿಯ ಗೊರಕೆ ನಾನು ಇನ್ನೊಂದು ಕೇಳಿಲ್ಲ.

ಆಮೇಲೂ ಎಷ್ಟೋ ವರ್ಷ ಹೋದೆವು. ಕಂಬಿ ಕಂಡರೆ ಕಾರು ಬದಿಗೆ ನಿಲ್ಲಿಸಿ ಆಮೇಲೆ ಕೈಮುಗಿಯುವುದನ್ನು ಅವರು ಕಲಿತರು. ಕಳೆದ ದೀಪಾವಳಿಯ ಹೊತ್ತಿಗೆ, ಊರಿನಲ್ಲಿ, ಕಿರಿಮಗನ ಮನೆಯಲ್ಲಿ ತೀರಿಕೊಂಡರು. ಸುದ್ದಿ ನನಗೆ ಫೋನಿನಲ್ಲಿ ಬಂತು. ಕೇಳಿದೆ, ಇಟ್ಟೆ. ಹಾಗೆ ಫೋನಿನಲ್ಲಿ ಕೇಳಬಾರದಿತ್ತು ಎನಿಸಿತು...

ಈಗ ನನ್ನದು ಕ್ಲಚ್ಚೇ ಇಲ್ಲದ ಕಾರು. ಯುಗಾದಿ ಹತ್ತಿರ ಬಂದಿದೆ. ನಿನ್ನೆ ದಿಲ್‌ಸುಖ್‌ನಗರಕ್ಕೆ ಹೋಗಿ ಹಸಿರು ಇಳಕಲ್ ಸೀರೆ ತಂದು ಹಿಂದಿನ ಸೀಟಿನಲ್ಲಿಟ್ಟೆ. ಬರುವ ಭಾನುವಾರ ಚಪ್ಪಲಿ ಮನೆಯಲ್ಲೇ ಬಿಟ್ಟು ಹೊರಡುತ್ತೇನೆ. ಬಾಗಿಲು ನೋಡುತ್ತ ಕೂತ ಮಗಳಿಗೆ, ಅವ್ವ ಇನ್ನು ಬರುವುದಿಲ್ಲವೆಂದು ಯಾರಾದರೂ ಹೋಗಿ, ಮುಖ ನೋಡಿ ಹೇಳಬೇಕಲ್ಲ.